ಮದ್ದಿನ ಮೂಲವೂ ನಾಡಿನ ಕ್ಷೇಮವೂ



ಕಾಯಕದ ಮಹಿಮೆಯನ್ನು ಕಲ್ಯಾಣದ ಜನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವವನು, ಆ ಲಾರಿಯನ್ನು ನಡೆಸುವವನು, ಅದರಲ್ಲಿ ಬಂದ ಮದ್ದನ್ನು ರೋಗಿಗೆ ಕೊಡುವವನು, ಇವರೆಲ್ಲರ ಕಾಯಕವೂ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿ ಕಳಚಿದರೆ ಏನಾಗುವುದೆಂಬುದನ್ನು 2020ರ ಮಹಾಮಾರಿಯು ತೋರಿಸಿಕೊಟ್ಟಿತು. ಮದ್ದೊಂದನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಆ ವರ್ಷದ ಮಾರ್ಚ್ 10ರಂದು ಕೊರೋನಾ ವ್ಯಾಧಿಯಿಂದ ಭಾರತದ ಮೊದಲನೆಯ ಮರಣವು ನಮ್ಮ ನೆರೆಯ ಕಲಬುರಗಿಯಲ್ಲಿಯೇ ಸಂಭವಿಸಿತು. ಅದಕ್ಕೆ ಒಂದು ವಾರ ಮೊದಲೇ, ಮಾರ್ಚ್ 3ರಂದು, ಕೇಂದ್ರ ಸರಕಾರವು ಪ್ಯಾರಾಸಿಟಮಾಲ್ ಮೊದಲಾದ 26 ಮದ್ದು ಹಾಗೂ ಮೂಲದ್ರವ್ಯಗಳ ರಫ್ತಿಗೆ ನಿರ್ಬಂಧ ಹಾಕಿದ್ದಿತು. ಕಾರಣವೇನು? ಜಗತ್ತಿಗೇ ಗುಳಿಗೆಗಳನ್ನು ಒದಗಿಸುವ ನಮ್ಮ ದೇಶವು ಹೊರಗಿನಿಂದ ತರಿಸುವ ಮೂಲದ್ರವ್ಯಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಚೀನ ದೇಶದಿಂದಲೇ ಬರುತ್ತಿದ್ದಿತು. ಅಲ್ಲಿ ಕಾರ್ಖಾನೆಗಳ ಬಾಗಿಲು ಮುಚ್ಚಲು, ಇಲ್ಲಿ ಕಳವಳವುಂಟಾಯಿತು.

ಇದು ಮೊದಲಿನಿಂದ ಇದ್ದ ಸ್ಥಿತಿಯಲ್ಲ. ಹುಮನಾಬಾದಿನ ಮೇಲೆ ಹಾಯ್ದುಹೋಗುವ ಪುಣೆ-ಹೈದರಾಬಾದ ಹೆದ್ದಾರಿಯನ್ನೇ ನೋಡಿರಿ. ಪಡುವಲಲ್ಲಿ ಪುಣೆಯ ಬಳಿಯ ಪಿಂಪರಿಯೊಳಗೆ 1954ರಲ್ಲಿ ಸರಕಾರವೇ ಪೆನಿಸಿಲಿನ್ ತಯಾರಿಸುವ ಸಂಸ್ಥೆಯನ್ನು ಸ್ಥಾಪಿಸಿತು. 1961ರಲ್ಲಿ ಹುಟ್ಟಿದ ಇನ್ನೊಂದು ಸರಕಾರೀ ಸಂಸ್ಥೆಯು ಮೂಡಲಲ್ಲಿ ಹೈದರಾಬಾದಿನೊಳಗೆ ಔಷಧದ್ರವ್ಯಗಳನ್ನು ಮಾಡಿತು. ಅಗ್ಗದ ವಿದೇಶೀ ಸರಕು ಬಂದ ಬಳಿಕ ಪೆನಿಸಿಲಿನ್ ಜಿ ಎಂಬ ಮೂಲದ್ರವ್ಯದ ತಯಾರಿಕೆಯೇ ದೇಶದಲ್ಲಿ ನಿಂತುಹೋಯಿತು. ಮಾಡಿದರೆ ತುಟ್ಟಿ, ಕೊಂಡರೆ ಅಗ್ಗ ಎಂಬ ಲೆಕ್ಕವು ಆಗ ಸರಿಯೆಂದೇ ತೋರಿತು. ಆಪತ್ಕಾಲದ ಖರ್ಚನ್ನು ಆ ಲೆಕ್ಕದಲ್ಲಿ ಯಾರೂ ಬರೆದಿರಲಿಲ್ಲ.

ನಮ್ಮ ಹಿರಿಯರ ಲೆಕ್ಕವು ಬೇರೆಯಾಗಿದ್ದಿತು. ಅವರು ಸುಗ್ಗಿಯ ಜೋಳವನ್ನೆಲ್ಲ ಸಂತೆಗೆ ಒಯ್ಯದೆ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಜೋಳಕ್ಕೆ ಬಡ್ಡಿ ಹುಟ್ಟುವುದಿಲ್ಲ. ಆದರೆ ಮಳೆ ಹೋದ ವರ್ಷ ಮನೆಯವರ ಜೀವ ಉಳಿಯುವುದು.

ಸರಕಾರವು 2020ರಲ್ಲಿ ಮೂಲದ್ರವ್ಯಗಳ ತಯಾರಿಕೆಗಾಗಿ 6,940 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಅಂಗೀಕರಿಸಿತು. 2024ರಲ್ಲಿ ಆಂಧ್ರಪ್ರದೇಶದ ಕಾಕಿನಾಡದ ಬಳಿ ಪೆನಿಸಿಲಿನ್ ಜಿ ತಯಾರಿಕೆಯು ಮರಳಿ ಆರಂಭವಾಯಿತು. ಇದು ಸಂತೋಷದ ವಿಷಯವೇ ಸರಿ. ಆದರೆ ಮದ್ದಿನ ಮೂಲವು ಮನೆಗೆ ಬರುವಾಗ ಅದರ ಹೊಲಸು ನೀರೂ ಮನೆಗೆ ಬರುವುದೆಂಬುದನ್ನು ಮರೆಯಲಾಗದು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಿಂದ ಗಾಳಿಯೂ ನೀರೂ ಕೆಡುತ್ತಿರುವುವೆಂದು ಸುತ್ತಲಿನ ಹಳ್ಳಿಗರು ಮೊರೆಯಿಟ್ಟಿರುವುದು ಇಲ್ಲಿ ಕೂಡಿದವರಲ್ಲಿ ಹಲವರಿಗೆ ತಿಳಿದ ಸಂಗತಿ. ದೂರದವನ ಜ್ವರವನ್ನಿಳಿಸುವ ಮದ್ದು ನೆರೆಯವನ ಬಾವಿಯನ್ನು ಕೆಡಿಸಿ ಹುಟ್ಟಿದರೆ ಅದನ್ನು ದೇಶದ ಕ್ಷೇಮವೆಂದು ಹೇಗೆ ಕರೆಯೋಣ? ಹೊಲಸನ್ನು ಶುದ್ಧಿಗೊಳಿಸುವ ಖರ್ಚೂ ಮದ್ದಿನ ಬೆಲೆಯೊಳಗೆ ಸೇರತಕ್ಕುದು.

ಆದುದರಿಂದ ನನ್ನ ಅರಿಕೆ ಇಷ್ಟೇ. ಎಲ್ಲವನ್ನೂ ನಾವೇ ಮಾಡುವೆವೆಂಬ ಹಟವು ಬೇಡ. ಒಬ್ಬನ ಬಾಗಿಲಲ್ಲಿಯೇ ನಿಲ್ಲುವ ದೈನ್ಯವೂ ಬೇಡ. ಜೀವಧಾರಕವಾದ ಮದ್ದಿಗೆ ಎರಡು ಮೂರು ಮೂಲಗಳಿರಲಿ, ಆಪತ್ತಿಗೆ ಒಂದು ಹಗೇವಿರಲಿ, ಅದನ್ನು ಮಾಡುವ ಊರಿನ ನೀರು ತಿಳಿಯಾಗಿರಲಿ. ಇದಕ್ಕೆ ನಾಲ್ಕು ಕಾಸು ಹೆಚ್ಚು ತಗಲುವುದು ನಿಜ. ಆ ಭಾರವು ಬಡ ರೋಗಿಯ ಮೇಲೆ ಬೀಳದೆ, ಸಮಾಜವೆಲ್ಲವೂ ಹಂಚಿಕೊಂಡು ಹೊತ್ತರೆ, ಅದೇ ಈ ಕಾಲದ ದಾಸೋಹ.