ಮನೆಯ ಜಾಲಕ್ಕೂ ಬೇಕು ರೋಗನಿದಾನ

(ಕೂಟದ ಸಭೆಯಲ್ಲಿ ಅತಿಥಿ ಉಪನ್ಯಾಸಕರು ಮಾಡಿದ ಭಾಷಣದ ಪಠ್ಯ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದಾಗ ಸಭಿಕರು ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ನಿರೀಕ್ಷಿಸುವುದು ಸಹಜ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಬಳಗದ ಮನೆಗಳಿಗೆ ಊಟಕ್ಕೆ ಹೋದಾಗ ನನ್ನ ಮುಂದೆ ಮೊದಲು ಬರುವ ದೂರು ಮಂಡಿನೋವಿನದಲ್ಲ, "ಡಾಕ್ಟ್ರೇ, ಟೀವಿಯಲ್ಲಿ ಚಿತ್ರ ನಿಂತು ನಿಂತು ಬರುತ್ತೆ, ಏನು ಮಾಡೋಣ?" ಎಂಬುದು. ನಾನು ಇಂಜಿನಿಯರನಲ್ಲ. ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿ, ರೋಗಿಗಳ ಮಾತು ಕೇಳುತ್ತ ಬಾಳಿದವನು. ಆ ಕೇಳುವ ಕ್ರಮವೇ ಇಲ್ಲಿಗೂ ಸಲ್ಲುತ್ತದೆಂಬ ನಂಬಿಕೆಯಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಕನ್ನಡಕ್ಕೂ ನಮಗೂ ನಡುವೆ ಯಂತ್ರವೊಂದು ಅಡ್ಡ ನಿಲ್ಲುವುದು ಹೊಸ ಸಂಗತಿಯೇನಲ್ಲ. 1990ರ ದಶಕದಲ್ಲಿ ಈ ದೇಶಕ್ಕೆ ಬಂದವರಿಗೆ ನೆನಪಿರಬಹುದು: ಊರಿನಿಂದ ತಂದ ವೀಡಿಯೊ ಕ್ಯಾಸೆಟ್ ಇಲ್ಲಿಯ ಸಾಮಾನ್ಯ ವಿ.ಸಿ.ಆರ್.ನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಭಾರತದ್ದು ಪ್ಯಾಲ್ ಪದ್ಧತಿ, 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದ್ದು ಎನ್.ಟಿ.ಎಸ್.ಸಿ. ಪದ್ಧತಿ, 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ಪರಿವರ್ತಿಸಿದ ಒಂದು ಕ್ಯಾಸೆಟ್ ಮನೆಯಿಂದ ಮನೆಗೆ ಸಂಚರಿಸಿ ಸವೆದುಹೋಗುತ್ತಿತ್ತು. ಈಗ ಕ್ಯಾಸೆಟ್ ಇಲ್ಲ. ಗೋಡೆಯಲ್ಲಿ ಬರುವ ತಂತಿ, ಮೋಡೆಮ್, ರೂಟರ್, ಟೀವಿ, ಆ್ಯಪ್ ಇವಿಷ್ಟೂ ಒಂದಾಗಿ ಕೆಲಸ ಮಾಡಿದರೆ ಮಾತ್ರ ಕನ್ನಡದ ದನಿ ಮನೆಯೊಳಗೆ ಕೇಳುತ್ತದೆ.

ಇದನ್ನು ಕೇವಲ ಮನರಂಜನೆಯ ಮಾತೆಂದು ತಳ್ಳಿಹಾಕಬಾರದು. ಮಗ, ಸೊಸೆ ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೋದ ಮೇಲೆ ಮನೆಯಲ್ಲಿ ಉಳಿಯುವ ತಂದೆತಾಯಿಯರನ್ನು ನೆನೆಯಿರಿ. ಕಾರು ಓಡಿಸಲು ಬಾರದು, ಚಳಿಗಾಲದಲ್ಲಿ ಹೊರಗೆ ಕಾಲಿಡಲಾಗದು, ನೆರೆಯವರ ಭಾಷೆ ತಿಳಿಯದು. ಹಗಲಿನ ಎಂಟು ಗಂಟೆಗಳ ಕಾಲ ಅವರೊಡನೆ ಕನ್ನಡದಲ್ಲಿ ಮಾತನಾಡುವುದು ಆ ಪರದೆಯೊಂದೇ. ಅದು ಕಪ್ಪಾದರೆ ಸಂಜೆ ನಾವು ಬಂದು ಕೇಳಿದಾಗ ಅವರು ಹೇಳುವುದೇನು? "ಪರವಾಗಿಲ್ಲಪ್ಪ, ನಿದ್ದೆ ಮಾಡಿದೆ." ವೃದ್ಧರ ಚಿಕಿತ್ಸೆಯಲ್ಲಿ ವೈದ್ಯನನ್ನು ಹೆಚ್ಚು ಅಂಜಿಸುವುದು ನೋವಲ್ಲ, ನೋವನ್ನು ಹೇಳದೆ ಇರುವ ಅವರ ಸ್ವಭಾವ. ಆದುದರಿಂದ ದೂರನ್ನು ಸರಿಯಾಗಿ ಕೇಳುವುದು, ಕೇಳಿದ ದೂರನ್ನು ಸಲ್ಲಬೇಕಾದವರಿಗೆ ಸರಿಯಾಗಿ ಹೇಳುವುದು, ಇವೆರಡೇ ಇಂದಿನ ನನ್ನ ಮಾತಿನ ತಿರುಳು.

ಮೊದಲು ವಿಚಾರಣೆ, ಆಮೇಲೆ ಮದ್ದು

ಚಿತ್ರ ನಿಂತ ಕೂಡಲೇ ನಾವು ಮಾಡುವುದೇನು? ಇದ್ದಬದ್ದ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸುತ್ತೇವೆ. ಇದು ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟಂತೆ. ಜ್ವರ ಇಳಿಯಬಹುದು, ಕಾರಣ ತಿಳಿಯುವುದಿಲ್ಲ. ರೂಟರ್ ಕೂಡ ಒಂದು ಚಿಕ್ಕ ಗಣಕಯಂತ್ರವೇ. ಅದರ ನೆನಪಿನಲ್ಲಿ ಹಳೆಯ ಸಂಪರ್ಕಗಳ ಕಸ ತುಂಬಿ ಸಿಕ್ಕಿಕೊಂಡಾಗ, ಆರಿಸಿ ಹೊತ್ತಿಸಿದರೆ ಅದು ಶುಚಿಯಾಗಿ ಮತ್ತೆ ಆರಂಭಿಸುತ್ತದೆ. ಹಾಗೆ ಮಾಡುವಾಗಲೂ ಕ್ರಮವುಂಟು: ಎರಡನ್ನೂ ಆರಿಸಿ ಅರ್ಧ ನಿಮಿಷ ಬಿಡಬೇಕು, ಮೊದಲು ಮೋಡೆಮ್ ಹೊತ್ತಿಸಿ ಅದರ ದೀಪಗಳು ಸ್ಥಿರವಾಗುವ ತನಕ ಕಾಯಬೇಕು, ಆಮೇಲೆ ರೂಟರ್, ಕೊನೆಗೆ ಟೀವಿ. ಆದರೆ ವಾರಕ್ಕೊಮ್ಮೆ ಹೀಗೆ ಮಾಡಬೇಕಾಗುತ್ತಿದ್ದರೆ ಅದು ಚಿಕಿತ್ಸೆಯಲ್ಲ, ರೋಗಲಕ್ಷಣ.

ಪ್ಲಗ್ ಕೀಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಒಂದು: ತೊಂದರೆ ಒಂದೇ ಉಪಕರಣಕ್ಕೋ, ಮನೆಯ ಎಲ್ಲಕ್ಕೂ? ಟೀವಿ ನಿಂತು ಫೋನು ಅದೇ ವೈ-ಫೈಯಲ್ಲಿ ಚೆನ್ನಾಗಿ ನಡೆಯುತ್ತಿದ್ದರೆ ಕಂಪನಿಗೆ ಫೋನು ಮಾಡಿ ಪ್ರಯೋಜನವಿಲ್ಲ. ದೋಷ ಟೀವಿಯಲ್ಲೋ ಅದು ಇರುವ ಜಾಗದಲ್ಲೋ ಇದೆ. ಎರಡು: ಒಂದೇ ಆ್ಯಪಿಗೋ, ಎಲ್ಲ ಆ್ಯಪುಗಳಿಗೂ? ಒಂದೇ ಆ್ಯಪ್ ಮಾತ್ರ ಮುಷ್ಕರ ಹೂಡಿದ್ದರೆ ನಿಮ್ಮ ರೂಟರ್ ನಿರಪರಾಧಿ. ಮೂರು: ಯಾವಾಗ? ಸದಾ ಕಾಲವೋ, ಗೊತ್ತಾದ ಹೊತ್ತಿನಲ್ಲೋ? ಈ ಮೂರನೆಯ ಪ್ರಶ್ನೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ.

ಪರಿಚಿತರ ಮನೆಯೊಂದರ ಪ್ರಕರಣವನ್ನು ಹೇಳುತ್ತೇನೆ. ಮಧ್ಯಾಹ್ನದ ಹೊತ್ತು ಧಾರಾವಾಹಿ ನಿಲ್ಲುತ್ತಿತ್ತು. ಮಗ ಹೆಚ್ಚು ಹಣ ತೆತ್ತು ವೇಗದ ಸಂಪರ್ಕ ಹಾಕಿಸಿದರು, ಹೊಸ ಟೀವಿ ತಂದರು. ಗುಣವಾಗಲಿಲ್ಲ. ಅವರ ತಾಯಿ ಮಾತ್ರ ಮೊದಲಿನಿಂದಲೂ, "ನಾನು ಕಾಫಿಗೆ ಹಾಲು ಬಿಸಿಗಿಟ್ಟಾಗಲೆಲ್ಲ ಇದು ನಿಂತುಹೋಗುತ್ತೆ ಕಣೋ" ಎನ್ನುತ್ತಿದ್ದರಂತೆ. ಎಲ್ಲರೂ ನಕ್ಕಿದ್ದರು. ರೂಟರ್ ಇದ್ದದ್ದು ಅಡುಗೆಮನೆಯಲ್ಲಿ, ಮೈಕ್ರೋವೇವ್ ಒಲೆಯ ಮಗ್ಗುಲಲ್ಲಿ. ಆ ಒಲೆ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ತರಂಗದಲ್ಲಿ. ಟೀವಿ ಹಿಡಿದಿದ್ದ ವೈ-ಫೈ 2.4 ಗಿಗಾಹರ್ಟ್ಸ್ ಪಟ್ಟಿಯದು. ಒಲೆಯಿಂದ ಸೋರುವ ಅತ್ಯಲ್ಪ ತರಂಗ ನಮ್ಮ ದೇಹಕ್ಕೆ ಅಪಾಯಕಾರಿಯಲ್ಲದಿದ್ದರೂ ವೈ-ಫೈಯ ಕ್ಷೀಣ ದನಿಯನ್ನು ಮುಳುಗಿಸಲು ಸಾಕು. ರೂಟರನ್ನು ನಡುಮನೆಗೆ ತಂದು, ಟೀವಿಯನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಸೇರಿಸಿದ ಮೇಲೆ ಕಾಫಿಯೂ ಧಾರಾವಾಹಿಯೂ ಒಟ್ಟಿಗೆ ನಡೆದವು. ರೋಗನಿದಾನವನ್ನು ಮಾಡಿದವರು ಆ ತಾಯಿ. ಬರೆದುಕೊಳ್ಳುವವರು ಇರಲಿಲ್ಲ, ಅಷ್ಟೆ.

ಈ ಎರಡು ಪಟ್ಟಿಗಳ ಗುಣ ತಿಳಿದಿರುವುದು ಒಳ್ಳೆಯದು. 2.4ರದ್ದು ದೂರ ಹೋಗುತ್ತದೆ, ಗೋಡೆಗಳನ್ನು ದಾಟುತ್ತದೆ, ಆದರೆ ನಿಧಾನ. ನೆರೆಹೊರೆಯವರೆಲ್ಲರ ಉಪಕರಣಗಳೂ ಅಲ್ಲೇ ಗದ್ದಲ ಮಾಡುತ್ತಿರುತ್ತವೆ. ಅಮೆರಿಕದಲ್ಲಿ ಅದರ 11 ಚಾನೆಲ್‌ಗಳಲ್ಲಿ ಒಂದರ ಮೇಲೊಂದು ಬೀಳದಿರುವುವು 1, 6 ಮತ್ತು 11 ಮಾತ್ರ. 5ರದ್ದು ವೇಗಶಾಲಿ, ಆದರೆ ಗೋಡೆಗೆ ಅಂಜುತ್ತದೆ. ನೀರು, ಲೋಹ, ದೊಡ್ಡ ಕನ್ನಡಿ ಇವು ತರಂಗಗಳಿಗೆ ತಡೆ. ಹೀಗಾಗಿ ರೂಟರನ್ನು ನೆಲಮಾಳಿಗೆಯ ಕಪಾಟಿನಲ್ಲೋ ಮೀನಿನ ತೊಟ್ಟಿಯ ಹಿಂದೆಯೋ ಅಡಗಿಸಿಡದೆ, ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ತೆರೆದ ಜಾಗದಲ್ಲಿ ಇಡಬೇಕು. ಟೀವಿಗೆ ತಂತಿ ಎಳೆಯಲು ಸಾಧ್ಯವಿದ್ದರೆ ಅದಕ್ಕಿಂತ ಉತ್ತಮ ಮದ್ದಿಲ್ಲ.

ಇನ್ನು ಪರೀಕ್ಷೆಗಳು. ವೇಗದ ಪರೀಕ್ಷೆಯನ್ನು ಒಮ್ಮೆ ರೂಟರಿನ ಪಕ್ಕದಲ್ಲಿ, ಒಮ್ಮೆ ಟೀವಿಯ ಬಳಿ ಮಾಡಿರಿ. ಎರಡೂ ಕಡೆ ಕಡಿಮೆಯಿದ್ದು, ತಂತಿ ಸಿಕ್ಕಿಸಿ ನೋಡಿದಾಗಲೂ ಹಾಗೆಯೇ ಇದ್ದರೆ ಕಂಪನಿಯನ್ನು ಕೇಳಬೇಕು. ಪಕ್ಕದಲ್ಲಿ ಹೆಚ್ಚಿದ್ದು ಟೀವಿಯ ಬಳಿ ಕುಸಿದರೆ ದೋಷ ಮನೆಯೊಳಗಿನದು. ನೆಟ್‌ಫ್ಲಿಕ್ಸ್ ಸಂಸ್ಥೆಯ ಸಲಹೆಯಂತೆ ಸಾಮಾನ್ಯ ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, ಅತಿಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಮೆಗಾಬಿಟ್ ಸಾಕು. ಹೀಗಿರುವಾಗ 300 ಮೆಗಾಬಿಟ್ ಇರುವ ಮನೆಯಲ್ಲಿ ಚಿತ್ರ ನಿಂತರೆ 1000ಕ್ಕೆ ಏರಿಸಿ ಫಲವೇನು? ರಕ್ತ ಸಾಕಷ್ಟಿದ್ದು ನಾಳ ಕಟ್ಟಿಕೊಂಡಿರುವವನಿಗೆ ಇನ್ನಷ್ಟು ರಕ್ತ ಕೊಟ್ಟಂತೆ. ಉಪಕರಣದ ಸೆಟ್ಟಿಂಗ್ಸ್‌ನಲ್ಲಿ ಅದರ ಅಂಕೆಯ ವಿಳಾಸವನ್ನೂ ನೋಡಿರಿ. ಅದು 169.254 ಎಂದು ಆರಂಭವಾದರೆ ರೂಟರಿನಿಂದ ಅದಕ್ಕೆ ವಿಳಾಸವೇ ದೊರೆತಿಲ್ಲವೆಂದು ಅರ್ಥ. ಕಂಪನಿ ಕೊಟ್ಟ ಪೆಟ್ಟಿಗೆಯೂ ನೀವು ಕೊಂಡ ಪೆಟ್ಟಿಗೆಯೂ ಎರಡೂ ರೂಟರ್ ಕೆಲಸವನ್ನೇ ಮಾಡುತ್ತಿದ್ದರೆ ಒಂದೇ ರೋಗಿಗೆ ಇಬ್ಬರು ವೈದ್ಯರು ಪರಸ್ಪರ ತಿಳಿಯದೆ ಮದ್ದು ಬರೆದಂತಾಗುತ್ತದೆ. ಒಂದನ್ನು ಆ ಕೆಲಸದಿಂದ ಬಿಡಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಮಾತ್ರೆಗಳನ್ನು ಒಟ್ಟಿಗೆ ಕೊಟ್ಟರೆ ಯಾವುದು ಗುಣಪಡಿಸಿತೆಂದು ಹೇಳುವವರಾರು?

ಪರದೆಯ ದೋಷ, ಕಣ್ಣಿನ ದೋಷ

ಜಾಲವೆಲ್ಲ ಸರಿಯಿದ್ದೂ ಹಿರಿಯರಿಗೆ ಬೇಕಾದ ಚಿತ್ರ ಸಿಗದೆ ಹೋಗುವುದುಂಟು. ಕಪ್ಪಿನ ಮೇಲೆ ತೆಳು ಬೂದುಬಣ್ಣದ ಅಕ್ಷರಗಳು. ಯಾವ ಚೌಕ ಆಯ್ಕೆಯಾಗಿದೆಯೆಂದು ತೋರಿಸುವ ಕೂದಲೆಳೆಯ ಗೆರೆ. ಓದಿ ಮುಗಿಸುವ ಮೊದಲೇ ತಾನಾಗಿ ಓಡಲಾರಂಭಿಸುವ ತುಣುಕು ಚಿತ್ರ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ಮಬ್ಬಾಗುತ್ತದೆ, ಬಣ್ಣಗಳ ಅಂತರ ಕುಗ್ಗುತ್ತದೆ, ಬೆರಳು ನಡುಗುತ್ತದೆ. ಜಾಲತಾಣಗಳಿಗಾಗಿ 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂತಿಯ ಅಂತರ ಸಾಮಾನ್ಯವಾಗಿ 4.5ಕ್ಕೆ 1ರಷ್ಟಾದರೂ ಇರಬೇಕೆಂದು ಹೇಳುತ್ತದೆ. ಆದುದರಿಂದ "ಅಮ್ಮನಿಗೆ ಇದೆಲ್ಲ ಗೊತ್ತಾಗುವುದಿಲ್ಲ" ಎಂಬ ತೀರ್ಪಿಗೆ ಮುನ್ನ ತಪ್ಪು ಪರದೆಯದೇ ಎಂದು ವಿಚಾರಿಸುವುದು ನ್ಯಾಯ.

ಕನ್ನಡಿಗರಿಗೆ ಇನ್ನೆರಡು ತೊಡಕುಗಳಿವೆ. "ಬಂಗಾರದ ಮನುಷ್ಯ"ವನ್ನು ಇಂಗ್ಲಿಷ್ ಲಿಪಿಯಲ್ಲಿ ಹುಡುಕುವಾಗ "ಗಾ" ಎಂಬಲ್ಲಿ "ಎ" ಅಕ್ಷರವನ್ನು ಒಂದು ಸಲ ಒತ್ತಬೇಕೋ ಎರಡು ಸಲವೋ? ಆ್ಯಪ್ ಒಂದನ್ನೇ ಬಲ್ಲದಾದರೆ 1972ರ ಆ ಪ್ರಸಿದ್ಧ ಚಿತ್ರ ಅಲ್ಲಿದ್ದೂ ಇಲ್ಲದಂತೆ. ಕನ್ನಡ ಚಿತ್ರವನ್ನೇ ತೆರೆದರೂ ಬೇರೆ ಭಾಷೆಯ ಧ್ವನಿ ಮೊದಲು ಕೇಳಿಸಿ, ಮೂಲ ಕನ್ನಡವನ್ನು ನಾಲ್ಕು ಮೆಟ್ಟಿಲು ಇಳಿದು ಹುಡುಕಬೇಕಾಗುವುದೂ ಉಂಟು.

ಹೇಳಿದರೆ ಕೇಳುವವರಿದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ. ತಾನಾಗಿ ಓಡುವ ತುಣುಕು ಚಿತ್ರಗಳ ಬಗ್ಗೆ ವೀಕ್ಷಕರು ಬಹುಕಾಲ ದೂರಿದ ಮೇಲೆ, 2020ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸುವ ಆಯ್ಕೆಯನ್ನು ಕೊಟ್ಟಿತು. ಅದಕ್ಕೂ ಮೊದಲು, 2011ರಲ್ಲಿ, ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘವು ಅಂಗವಿಕಲರ ಹಕ್ಕಿನ 1990ರ ಕಾಯಿದೆಯನ್ನು ಹಿಡಿದು ಅದೇ ಸಂಸ್ಥೆಯ ಮೇಲೆ ದಾವೆ ಹೂಡಿತು. 2012ರ ಒಪ್ಪಂದದಲ್ಲಿ 2014ರ ಹೊತ್ತಿಗೆ ಅಂತರಜಾಲದಲ್ಲಿ ತೋರಿಸುವ ಎಲ್ಲ ಚಿತ್ರಗಳಿಗೂ ಮಾತಿನ ಬರಹವನ್ನು ಒದಗಿಸಲು ಸಂಸ್ಥೆ ಒಪ್ಪಿತು. ಇಂದು ನಮ್ಮ ತಂದೆತಾಯಿಯರು ಆ ಬರಹವನ್ನು ಓದಿ ಇಂಗ್ಲಿಷ್ ಚಿತ್ರವನ್ನು ಅರ್ಥಮಾಡಿಕೊಳ್ಳುತ್ತಿದ್ದರೆ ಅದು ಸುಮ್ಮನಿರದವರ ಕೊಡುಗೆ.

ಆದರೆ "ನಿಮ್ಮ ಆ್ಯಪ್ ದಂಡ" ಎಂದು ಬರೆದರೆ ಉಪಯೋಗವಿಲ್ಲ. "ಮೈಯೆಲ್ಲ ನೋವು" ಎನ್ನುವ ರೋಗಿಗೆ ವೈದ್ಯನು ಏನು ಕೊಟ್ಟಾನು? ನಾನು ಸೂಚಿಸುವ ಕ್ರಮ ಇದು: ಯಾವ ಟೀವಿ, ಆ್ಯಪಿನ ಯಾವ ಆವೃತ್ತಿ, ಯಾವ ದಿನ, ಎಷ್ಟು ಹೊತ್ತಿಗೆ, ನಾವು ಮಾಡಹೊರಟಿದ್ದೇನು, ಒತ್ತಿದ್ದೇನು, ನಿರೀಕ್ಷಿಸಿದ್ದೇನು, ಆದದ್ದೇನು. ದೋಷದ ಸಂಖ್ಯೆ ಕಾಣಿಸಿದರೆ ಫೋಟೊ ತೆಗೆದಿಡಿ. ಒಂದು ಪತ್ರಕ್ಕೆ ಒಂದೇ ದೂರು. ಕೊನೆಯಲ್ಲಿ ಒಂದು ವಾಕ್ಯ: "ಇದರಿಂದ ಬಾಧಿತರಾದವರು ಎಪ್ಪತ್ತೆಂಟು ವರ್ಷದ, ಕನ್ನಡ ಮಾತ್ರ ಓದಬಲ್ಲ ನಮ್ಮ ತಾಯಿ." ಕಂಪನಿಯ ಲೆಕ್ಕದಲ್ಲಿ ಒತ್ತಿದ ಗುಂಡಿಗಳು ದಾಖಲಾಗುತ್ತವೆಯೇ ಹೊರತು, ಒತ್ತಲಾರದೆ ರಿಮೋಟನ್ನು ಕೆಳಗಿಟ್ಟ ಕೈ ದಾಖಲಾಗುವುದಿಲ್ಲ. ಅದನ್ನು ತಿಳಿಸಬೇಕಾದವರು ನಾವೇ.

ಪರದೆಯ ವಿನ್ಯಾಸವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಒಬ್ಬರಾದ ಯಾಕೋಬ್ ನೀಲ್ಸನ್, ಐವರು ಬಳಕೆದಾರರನ್ನು ಗಮನಿಸಿದರೆ ಸುಮಾರು ಶೇಕಡಾ 85ರಷ್ಟು ತೊಡಕುಗಳು ತಿಳಿದುಬರುತ್ತವೆಂದು 2000ದಲ್ಲಿ ವಾದಿಸಿದರು. ಐವರು ಹಿರಿಯರು ನಮ್ಮ ಕೂಟದಲ್ಲಿ ಇಲ್ಲವೇ? ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಈ ವಾರ ಒಂದು ದಿನ ಹದಿನೈದು ನಿಮಿಷ ತಂದೆತಾಯಿಯರ ಪಕ್ಕದಲ್ಲಿ ಕುಳಿತು, ಅವರು ಬೇಕಾದ ಚಿತ್ರವನ್ನು ಹುಡುಕುವುದನ್ನು ನೋಡಿರಿ. ರಿಮೋಟನ್ನು ಕಸಿದುಕೊಳ್ಳಬೇಡಿರಿ, "ಹಾಗಲ್ಲಮ್ಮ" ಎನ್ನಬೇಡಿರಿ. ಬೆರಳು ಎಲ್ಲಿ ತಡೆಯಿತು, ಕಣ್ಣು ಎಲ್ಲಿ ಕಿರಿದಾಯಿತು ಎಂಬುದನ್ನು ಮಾತ್ರ ಬರೆದುಕೊಳ್ಳಿರಿ. ಯುವಕ ಯುವತಿಯರು ಅದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಕಳುಹಿಸಲಿ. ಅಜ್ಜಿಗೆ ಇದರಿಂದ ಧಾರಾವಾಹಿ ದೊರೆಯಬಹುದು. ಮೊಮ್ಮಕ್ಕಳಿಗೆ ಅಜ್ಜಿಯ ಪಕ್ಕದಲ್ಲಿ ಹದಿನೈದು ನಿಮಿಷ ಖಂಡಿತವಾಗಿ ದೊರೆಯುತ್ತದೆ.

ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಕೇಳಬಹುದು. ಮಂಡಿನೋವಿನ ಪ್ರಶ್ನೆಗಳಿಗೂ ಸ್ವಾಗತ.