ಘಾಟ ಹತ್ತಿದ ಮೇಲೆ ಕೇಳಿಸದ ರೇಡಿಯೋ



ರಾಮನಗರ, ಜೋಯಿಡಾ, ಜಗಲಬೇಟ, ಹಳಿಯಾಳದ ಕಡೆಯಿಂದ ಒಂದೇ ತಕರಾರು ಮತ್ತೆ ಮತ್ತೆ ಬರುತ್ತಿದೆ. ಗೋವಾದಿಂದ ಸೆಕೆಂಡ್ ಹ್ಯಾಂಡ್ ಕಾರು ತಂದೆವು, ಕಂಪನಿಯವರೇ ಕೂಡಿಸಿದ ರೇಡಿಯೋ ಇದೆ, ಫೋಂಡಾದಲ್ಲಿ ಚೆನ್ನಾಗಿ ಹಾಡುತ್ತಿತ್ತು. ಮೊಲೆಂ ದಾಟಿ ಘಾಟ ಹತ್ತಿದರೆ ಬರೀ ಖರಖರ. ಅನಮೋಡದ ಚೆಕ್‌ಪೋಸ್ಟಿನಲ್ಲಿ ಅದೂ ಇಲ್ಲ. ಮಾರಿದವನು ಉಪಗ್ರಹ ರೇಡಿಯೋ ಅಂದಿದ್ದ, ಹಣ ಕಟ್ಟಿದರೆ ಬರುತ್ತದೆಯೇ?

ಕೊನೆಯ ಮಾತನ್ನು ಮೊದಲು ಮುಗಿಸುತ್ತೇನೆ. ಬರುವುದಿಲ್ಲ. ನಮ್ಮ ದೇಶದಲ್ಲಿ ಉಪಗ್ರಹ ರೇಡಿಯೋ ಅಂತ ಇದ್ದದ್ದು ವರ್ಲ್ಡ್‌ಸ್ಪೇಸ್. 2000ರಲ್ಲಿ ಹಾರಿಸಿದ ಏಷ್ಯಾಸ್ಟಾರ್ ಎಂಬ ಉಪಗ್ರಹದಿಂದ ಅದರ ಹಾಡು ಮನೆಮನೆಗೆ ಇಳಿಯುತ್ತಿತ್ತು, ಕನ್ನಡಕ್ಕೆ ಸ್ಪರ್ಶ ಎಂಬ ಚಾನೆಲ್ಲೇ ಇತ್ತು. 2009ರ ಡಿಸೆಂಬರ್ 31ಕ್ಕೆ ಅದು ಇಲ್ಲಿ ನಿಂತುಹೋಯಿತು. ಕಾರಿನಲ್ಲಿ ಉಪಗ್ರಹ ರೇಡಿಯೋ ಕೇಳುವುದು ಅಮೆರಿಕದವರ ರೂಢಿ, ಅದರ ಉಪಗ್ರಹಗಳು ಅವರ ನೆತ್ತಿಯ ಮೇಲಿವೆ. ನಿಮ್ಮ ಸೆಟ್ಟಿನ ಮೇಲೆ ‘ಸ್ಯಾಟ್’ ಎಂದು ಬರೆದಿದ್ದರೆ ಅದು ಆ ಮಾರುಕಟ್ಟೆಗೆ ಮಾಡಿದ ಸೆಟ್ಟು. ಮಾಡಿನ ಮೇಲೆ ಮೀನಿನ ರೆಕ್ಕೆಯಂಥದ್ದು ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಅದರೊಳಗೆ ತಂತಿಯ ತುಂಡೂ ಇರುವುದಿಲ್ಲ, ಅಂದಕ್ಕೆ ಅಂಟಿಸಿದ್ದು.

ಎಫ್‌ಎಂ ಘಾಟದಲ್ಲಿ ಮಾಯವಾದರೆ ಗಾಬರಿ ಬೇಡ. ಪಣಜಿಯ 105.4 ಆಗಲಿ ಕಾರವಾರದ 102.3 ಆಗಲಿ ಬೆಳಕಿನ ಹಾಗೆ ನೇರ ಸಾಗುತ್ತವೆ, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಅದಕ್ಕೆ ಮೆಕ್ಯಾನಿಕ್ ಏನೂ ಮಾಡಲಾರ. ಆದರೆ ಧಾರವಾಡದ ಮಾತು ಬೇರೆ. ಆಕಾಶವಾಣಿ ಧಾರವಾಡ, 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್. ಅದು ಮಧ್ಯಮ ತರಂಗ, ಅಂದರೆ ಸೆಟ್ಟಿನ ಎಎಂ. ಈ ತರಂಗ ನೆಲ ಹಿಡಿದು ಹೋಗುತ್ತದೆ, ಗುಡ್ಡ ಬಳಸುತ್ತದೆ, ಕಾಡು ನುಗ್ಗುತ್ತದೆ. ಧಾರವಾಡದಿಂದ ಅನಮೋಡಕ್ಕೆ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್. ಹಗಲಲ್ಲಿ, ಪ್ರಸಾರ ನಡೆಯುತ್ತಿರುವಾಗ, ಆ ಜಾಗದಲ್ಲಿ 765 ಹಿಡಿಯದ ಕಾರು ರೇಡಿಯೋದಲ್ಲಿ ದೋಷ ಇದ್ದೇ ಇದೆ. ಆ ದೋಷ ಹತ್ತಕ್ಕೆ ಎಂಟು ಸಲ ಸೆಟ್ಟಿನ ಹೊರಗಿರುತ್ತದೆ. ಇದು ನಾನು ಕೈಯಾರೆ ಬಿಚ್ಚಿ ನೋಡಿದ ಗಾಡಿಗಳ ಲೆಕ್ಕ.

‘ಸ್ಯಾಟ್’ ಗುಂಡಿ ಇರುವ ಸೆಟ್ಟಿಗೆ ಇನ್ನೊಂದು ತೊಡಕು. ಇಲ್ಲಿ ಮಧ್ಯಮ ತರಂಗದ ಸ್ಟೇಶನ್ನುಗಳು 9 ಕಿಲೋಹರ್ಟ್ಸ್‌ಗೊಂದರಂತೆ ಕೂತಿವೆ. ಅಮೆರಿಕದಲ್ಲಿ 10ಕ್ಕೊಂದು. ಅಲ್ಲಿಯ ಸೆಟ್ಟು 750, 760, 770 ಎಂದು ಜಿಗಿಯುತ್ತದೆ, 765ರ ಮೇಲೆ ಕಾಲಿಡುವುದೇ ಇಲ್ಲ. ಕಾರವಾರದ 102.3 ಮಾತ್ರ ಅದರ ಹಾದಿಯಲ್ಲಿದೆ, ಹಾಗಾಗಿ ಎಫ್‌ಎಂ ಸರಿ, ಎಎಂ ಕೆಟ್ಟಿದೆ ಎಂದು ಜನ ತೀರ್ಮಾನಿಸುತ್ತಾರೆ. ಕೆಲವು ಸೆಟ್ಟುಗಳ ಮೆನುವಿನಲ್ಲಿ ದೇಶ ಬದಲಿಸಲು ಬರುತ್ತದೆ. ಬ್ಯಾಟರಿ ತೆಗೆದು ಹಾಕಿದಾಗ ಕೆಲವದರಲ್ಲಿ ಅದು ತಾನಾಗಿ ಅಮೆರಿಕಕ್ಕೆ ಹೊರಳಿರುತ್ತದೆ. ಎಎಂನಲ್ಲಿ ಅಂಕಿ ಒಂಬತ್ತೊಂಬತ್ತು ಏರುತ್ತದೋ ಹತ್ತತ್ತು ಏರುತ್ತದೋ, ಅದನ್ನು ಮೊದಲು ನೋಡಿ.

ಇನ್ನು ಏರಿಯಲ್ಲು. ಮಾಡಿನ ಮೇಲಿನ ಕಡ್ಡಿ ಮುಕ್ಕಾಲು ಮೀಟರ್ ಉದ್ದ. 102.3ರ ಅಲೆ ಮೂರು ಮೀಟರಿಗೆ ತುಸು ಕಡಿಮೆ, ಅದಕ್ಕೆ ಈ ಕಡ್ಡಿ ಸರಿಯಾದ ಅಳತೆ. 765ರ ಅಲೆಯ ಉದ್ದ 392 ಮೀಟರ್. ಅದರ ಮುಂದೆ ಈ ಕಡ್ಡಿ ಬೆಂಕಿಕಡ್ಡಿಯಷ್ಟೇ. ಅದು ಹಿಡಿಯುವುದು ತೀರ ಸಣ್ಣ ಸಂಕೇತ, ಆ ಸಣ್ಣದಕ್ಕೆ ಎರಡು ಕಾಲು ಬೇಕು. ಒಂದು ಕಾಲು ಕಡ್ಡಿ. ಇನ್ನೊಂದು ಕಾಲು ಕಾರಿನ ಇಡೀ ತಗಡು. ಏರಿಯಲ್ಲಿನ ಬುಡದಲ್ಲಿ ಮಾಡಿನ ತಗಡನ್ನು ಕಚ್ಚಿ ಹಿಡಿದ ಒಂದು ಹಲ್ಲಿನ ವಾಷರ್ ಇದೆ, ಆ ಎರಡನೇ ಕಾಲು ನಿಂತಿರುವುದು ಅದರ ಮೇಲೆ. ಒಂದು ಕೈಯಿಂದ ಚಪ್ಪಾಳೆ ಆಗುತ್ತದೆಯೇ? ವಾಷರಿನ ಕೆಳಗೆ ತುಕ್ಕು ಬಂತು ಅಂದರೆ ಒಂದು ಕೈ ಹೋಯಿತು. ಎಫ್‌ಎಂ ಹೇಗೋ ಬರುತ್ತಿರುತ್ತದೆ, ಮಧ್ಯಮ ತರಂಗ ಸತ್ತುಹೋಗುತ್ತದೆ.

ಕಡಲ ದಂಡೆಯ ಉಪ್ಪುಗಾಳಿಯಲ್ಲಿ ಹತ್ತು ವರ್ಷ ನಿಂತ ಗಾಡಿ, ಮೇಲೆ ನಮ್ಮ ಘಾಟದ ಮಳೆ. ಬುಡದ ರಬ್ಬರ್ ಒಡೆದಿರುತ್ತದೆ, ನೀರು ಒಳಗೆ ಜಿನುಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ನನ್ನದೇ ಗಾಡಿಯಲ್ಲಿ ಇದು ಆಯಿತು. ಗ್ಯಾರೇಜಿನವರು ಸೆಟ್ಟು ಹೋಗಿದೆ ಅಂದರು, ಪರದೆಯ ಹೊಸ ಸೆಟ್ಟು ಹಾಕಿದರು. ಅದರಲ್ಲಿ ಮಧ್ಯಮ ತರಂಗವೇ ಇರಲಿಲ್ಲ. ಹಳೆಯದನ್ನು ಮತ್ತೆ ಕೂಡಿಸಿ, ಒಳಗಿನ ದೀಪ ಇಳಿಸಿ, ಮಾಡಿನ ಬಟ್ಟೆಯೊಳಗೆ ಕೈ ತೂರಿಸಿ ಬುಡದ ನಟ್ಟು ಬಿಚ್ಚಿದೆ. ವಾಷರ್ ಕೈಗೆ ಬರಲಿಲ್ಲ, ಕೆಂಪು ಪುಡಿ ಉದುರಿತು. ತಗಡನ್ನು ಪಾಲಿಶ್ ಕಾಗದದಿಂದ ಹೊಳೆಯುವ ತನಕ ಉಜ್ಜಿ, ಹೊಸ ವಾಷರ್ ಹಾಕಿ, ನಟ್ಟು ಬಿಗಿದು, ಅಂಚಿಗೆ ಗ್ರೀಸ್ ಸವರಿದೆ. ಧಾರವಾಡ ಬಂತು. ಖರ್ಚು ವಾಷರಿನದಷ್ಟೇ.

ಮೀಟರ್ ಇದ್ದವರು ಒಂದು ಮಾತು ನೆನಪಿಡಿ. ಏರಿಯಲ್ಲಿನ ಪ್ಲಗ್ಗನ್ನು ಸೆಟ್ಟಿನಿಂದ ಹೊರಗೆ ಎಳೆದ ಮೇಲೆ ಅಳೆಯಿರಿ. ಪ್ಲಗ್ಗಿನ ಹೊರಮೈಗೂ ಕಾರಿನ ತಗಡಿಗೂ ನಡುವೆ ಸೊನ್ನೆಯ ಹತ್ತಿರ ಬರಬೇಕು. ಪ್ಲಗ್ಗು ಸೆಟ್ಟಿನಲ್ಲೇ ಇದ್ದಾಗ ಅಳೆದರೆ ಸೆಟ್ಟಿನ ಅರ್ಥಿಂಗೇ ಸೊನ್ನೆ ತೋರಿಸುತ್ತದೆ, ಬುಡ ಕೊಳೆತಿದ್ದರೂ ತೋರಿಸುತ್ತದೆ. ಅನುಭವಸ್ಥರೂ ಇಲ್ಲಿ ಮೋಸ ಹೋಗುವುದನ್ನು ನೋಡಿದ್ದೇನೆ. ಮತ್ತೆ ಹೇಳುತ್ತೇನೆ, ಪ್ಲಗ್ಗು ಹೊರಗೆ, ಆಮೇಲೆ ಅಳತೆ. ಮೀಟರ್ ಇಲ್ಲದವರು ಒಂದು ಮಾರುದ್ದ ವೈರಿನ ತುದಿ ಸುಲಿದು ಸೆಟ್ಟಿನ ಏರಿಯಲ್ ತೂತಿನ ನಡುವಿಗೆ ಚುಚ್ಚಿ, ಇನ್ನೊಂದು ತುದಿ ಕಿಟಕಿಯಿಂದ ಹೊರಗೆ ಬಿಡಿ. ಧಾರವಾಡ ಬಂತೇ? ಸೆಟ್ಟು ಸರಿ ಇದೆ, ದುಡ್ಡು ಉಳಿಯಿತು.

ಕಡ್ಡಿ ಗಿಡ್ಡ ಇರುವ ಗಾಡಿಗಳಲ್ಲಿ ಬುಡದೊಳಗೇ ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಸೆಟ್ಟಿನಿಂದ 12 ವೋಲ್ಟ್ ಹೋಗಬೇಕು. ಹಿಂದಿನ ಮಾಲೀಕ ಸೆಟ್ಟು ಬದಲಿಸಿ ಮತ್ತೆ ಹಳೆಯದನ್ನೇ ಕೂಡಿಸಿದ್ದರೆ ಆ ಜೋಡಣೆ ಬಿಟ್ಟುಹೋಗಿರಬಹುದು. ಸಾಮಾನ್ಯವಾಗಿ ಅದು ನೀಲಿ ವೈರು. ಅದನ್ನು ನೋಡದೆ ಅಂಗಡಿಯ ಬೂಸ್ಟರ್ ಕೊಳ್ಳುವವರಿಗೆ ಏನು ಹೇಳಲಿ? ಬೂಸ್ಟರ್ ಖರಖರವನ್ನೂ ದೊಡ್ಡದು ಮಾಡುತ್ತದೆ.

ವಾಷರಿಗೇ ಬಹಳ ಹೊತ್ತು ಹೋಯಿತು, ಉಳಿದದ್ದು ಚುಟುಕಾಗಿ. ಸಿಗರೇಟ್ ತೂತಿಗೆ ಚುಚ್ಚಿದ ಅಗ್ಗದ ಮೊಬೈಲ್ ಚಾರ್ಜರ್, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟು, ಇವೆರಡೂ ಮಧ್ಯಮ ತರಂಗವನ್ನು ಮುಳುಗಿಸಿಬಿಡುತ್ತವೆ. ಇಂಜಿನ್ ಬಂದ್ ಮಾಡಿ, ಎಲ್ಲ ಕಿತ್ತು, ಬರೀ ರೇಡಿಯೋ ಹಚ್ಚಿ ಕೇಳಿ. ಪ್ರತಿ ಸಲ ಕೀಲಿ ತೆಗೆದಾಗ ನೆನಪಿಟ್ಟ ಸ್ಟೇಶನ್ನುಗಳು ಅಳಿಸಿಹೋಗುತ್ತಿದ್ದರೆ ನೆನಪಿನ ವೈರಿನ ಫ್ಯೂಜು ಹೋಗಿರಬಹುದು. ಅದೇ ಅಂಕಿಯ ಫ್ಯೂಜು ಹಾಕಿ, ದೊಡ್ಡದು ಹಾಕಿದರೆ ವೈರು ಸುಡುತ್ತದೆ. ಬ್ಯಾಟರಿ ತೆಗೆದ ಮೇಲೆ ಸೆಟ್ಟು ಕೋಡ್ ಕೇಳಿದರೆ ಅಂದಾಜಿಗೆ ಒತ್ತಬೇಡಿ, ತಪ್ಪಿದಷ್ಟೂ ಅದು ಬಿಗಿಯಾಗಿ ಬೀಗ ಹಾಕಿಕೊಳ್ಳುತ್ತದೆ. ಗಾಡಿ ಕೊಳ್ಳುವಾಗಲೇ ಪುಸ್ತಕದ ಜೊತೆ ಕೋಡಿನ ಚೀಟಿ ಕೇಳಿ ಪಡೆಯಿರಿ. ಇಲ್ಲವಾದರೆ ಸೆಟ್ಟಿನ ಮೈಮೇಲಿನ ನಂಬರ್ ಕೊಟ್ಟು ಕಂಪನಿಯ ಶೋರೂಮಿನಲ್ಲಿ ಕೇಳಬೇಕು.

ಮೊಬೈಲಿನಲ್ಲೇ ಕೇಳಬಹುದಲ್ಲ ಅನ್ನುವವರು ಒಂದು ಸಲ ಅನಮೋಡದಿಂದ ಕ್ಯಾಸಲ್‌ರಾಕ್ ಕಡೆಯ ಕಾಡಿನಲ್ಲಿ ಜಡಿಮಳೆಯ ದಿನ ಹೋಗಿ ನೋಡಲಿ. ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ, ಮರ ಬಿದ್ದು ದಾರಿ ಬಂದಾಗಿ ಗಾಡಿಗಳು ಸಾಲುಗಟ್ಟಿ ನಿಂತಾಗ, ಹೊರಗಿನ ಸುದ್ದಿ ಹೇಳಲು ಅಲ್ಲಿ ಧಾರವಾಡದ ದನಿ ಇರುತ್ತದೆ. ಜೂನ್ ಬರುವ ಮೊದಲು ನಿಮ್ಮ ಗಾಡಿಯ ಏರಿಯಲ್ಲಿನ ಬುಡ ಒಮ್ಮೆ ಬಿಚ್ಚಿಸಿ ನೋಡಿ.