ಊರಿನಲ್ಲೇ ಉಳಿದವರ ಕಥೆ



ಸಲಿಂಗ ಪ್ರೇಮಿಗಳ ಬಾಳನ್ನು ಕುರಿತ ಕಥೆ-ಕಾದಂಬರಿಗಳ ಪ್ರದರ್ಶನವನ್ನು ರಾಜಧಾನಿಯಲ್ಲಿ ಏರ್ಪಡಿಸುವುದು ಈಗ ದುಸ್ಸಾಧ್ಯವೇನಲ್ಲ. ಆದರೆ ಯಾರ ಮಗ ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದನೆಂಬುದು ಸಂಜೆಯೊಳಗಾಗಿ ಅವನ ತಾಯಿಯ ಕಿವಿಗೆ ಮುಟ್ಟುವಂಥ ಈ ಪುಟ್ಟ ಊರಿನಲ್ಲಿ, ಅದೂ ಸಂತೆಯ ದಿವಸ, ಬಾಗಿಲನ್ನು ಬೀದಿಗೆ ತೆರೆದಿಟ್ಟು ಈ ಪುಸ್ತಕಗಳನ್ನು ಹರಡಿದ ತರುಣ ತರುಣಿಯರ ಧೈರ್ಯವನ್ನು ಮೊದಲು ಅಭಿನಂದಿಸುತ್ತೇನೆ.

ಈ ಪುಸ್ತಕಗಳಲ್ಲಿ ನಾನು ವಿಶೇಷವಾಗಿ ಹೆಸರಿಸಬಯಸುವುದು ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವನ್ನು. ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ಈ ಲೇಖಕರು ಅದರಲ್ಲಿನ ‘ಕಗ್ಗಂಟು’ ಕಥೆಯನ್ನು ‘ದೇಶಕಾಲ’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಬೇರೊಂದು ಹೆಸರಿನ ಮರೆಯಲ್ಲಿದ್ದರು. 2013ರಲ್ಲಿ ಸಂಕಲನ ಹೊರಬಂದಾಗ ಸ್ವಂತ ಹೆಸರಿನಿಂದಲೇ ಓದುಗರ ಮುಂದೆ ನಿಂತರು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಪ್ರೇಮ ಅಪರಾಧವಲ್ಲವೆಂಬ ತೀರ್ಪಿಗಾಗಿ 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು.

‘ಕಗ್ಗಂಟಿ’ನಲ್ಲಿ, ಜೊತೆಯಾಗಿ ಬಾಳಿದ ಕಾರ್ತಿಕನು ಹೆಣ್ಣೊಬ್ಬಳ ಕೈಹಿಡಿಯಲು ಹೊರಟಾಗ ಮೋಹನಸ್ವಾಮಿಗೆ ಒದಗುವ ಸಂಕಟವು ಎಂಥದೆಂದರೆ, ಗಂಡ ತೊರೆದ ಹೆಣ್ಣಿನ ಮನೆಗಾದರೂ ನೆರೆಯವರು ಬಂದು ಜಗಲಿಯಲ್ಲಿ ಕುಳಿತು ನಾಲ್ಕು ಸಮಾಧಾನದ ಮಾತನಾಡಿಯಾರು, ಇವನ ವಿರಹಕ್ಕೆ ಆ ಉಪಚಾರವೂ ಇಲ್ಲ. ಅಳಬೇಕಾದವನು ಮದುವೆಯ ಊಟಕ್ಕೆ ಕೂರಬೇಕು!

ಇಂಥ ಕಥೆಗಳಲ್ಲಿ ಖಳನನ್ನು ಅರಸುವವನಿಗೆ ನಿರಾಶೆಯಾಗುತ್ತದೆ, ಆಗಲೂಬೇಕು. ಮಗನ ಜಾತಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಮನೆ ಅಲೆಯುವ ತಾಯಿಯು, ಕಣ್ಣು ಮುಚ್ಚುವುದರೊಳಗೆ ಸೊಸೆಯ ಮುಖ ನೋಡಬೇಕೆಂದು ಹಂಬಲಿಸುವುದು ದ್ವೇಷದಿಂದಲ್ಲ, ನಿರ್ವ್ಯಾಜ ಮಮತೆಯಿಂದ. ಆ ಮಮತೆಯೇ ಮಗನ ಪಾಲಿಗೆ ಉಸಿರು ಕಟ್ಟಿಸುವುದಾದರೆ ಯಾರನ್ನು ದೂರೋಣ? ಸೋದರಮಾವನ ಗದರಿಕೆಗೆ ಎದುರುತ್ತರ ಕೊಡಬಹುದು, ಅಮ್ಮನ ಹರಕೆಗೆ ಕೊಡಲಾಗದು. ನಮ್ಮ ಲೇಖಕರಲ್ಲಿ ಅನೇಕರು ಈ ಇಕ್ಕಟ್ಟು ಬಂದೊಡನೆ ನಾಯಕನನ್ನು ಬೆಂಗಳೂರಿನ ರಾತ್ರಿ ಬಸ್ಸಿಗೆ ಹತ್ತಿಸಿಬಿಡುತ್ತಾರೆ. ಬಾಡಿಗೆಯ ಕೋಣೆಯಲ್ಲಿ ಸ್ವಾತಂತ್ರ್ಯವುಂಟು, ಒಪ್ಪುತ್ತೇನೆ; ಆದರೂ ಹತ್ತದೆ ಉಳಿದವನ, ಗೆಳತಿಯೊಡನೆ ಇದೇ ಊರಿನಲ್ಲಿ ಮನೆ ಮಾಡಿ ‘ಅಕ್ಕ-ತಂಗಿಯರು’ ಎನ್ನಿಸಿಕೊಂಡು ಮುದುಕಿಯಾದವಳ ಕಥೆಗಾಗಿ ನಾನು ಇನ್ನೂ ಕಾದಿದ್ದೇನೆ.

ಊರಿನ ಇಬ್ಬಂದಿತನವೂ ಕಥೆಗಾರನಿಗೆ ಅಕ್ಷಯವಾದ ವಸ್ತು. ಅದೇ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಬಾಲ್ಯದಲ್ಲಿ ಮಂಜುನಾಥನಾಗಿದ್ದವರು. ಮನೆಯ ಆಸರೆ ತಪ್ಪಿ, ಜೋಗತಿ ನೃತ್ಯವನ್ನು ನಂಬಿ ಬದುಕಿ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಎಲ್ಲಮ್ಮನ ಕೊಡ ಹೊತ್ತು ಬಂದ ಜೋಗತಿಯ ಕಾಲಿಗೆರಗುವ ಗೃಹಸ್ಥನೇ, ತನ್ನ ಮಗ ಸೀರೆಯುಟ್ಟ ದಿನ ಕೋಲು ಹಿಡಿಯುತ್ತಾನೆ. ಭಕ್ತಿಗೆ ಒಗ್ಗಿದ್ದು ವಂಶಕ್ಕೆ ಏಕೆ ಒಗ್ಗದೆಂಬುದನ್ನು ಯಾವ ಸಮಾಜಶಾಸ್ತ್ರಜ್ಞನಿಗಿಂತಲೂ ಚೆನ್ನಾಗಿ ಒಬ್ಬ ಒಳ್ಳೆಯ ಕಾದಂಬರಿಕಾರ ತೋರಿಸಬಲ್ಲ.

ವ್ಯವಸ್ಥಾಪಕರಲ್ಲಿ ಒಂದೇ ವಿಜ್ಞಾಪನೆ: ಕೊಂಡವರು ಕೇಳಿದರೆ ಪುಸ್ತಕಕ್ಕೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿಕೊಡಿ, ಕಾರಣ ಕೇಳಬೇಡಿ, ಮನೆಗೆ ಒಯ್ಯಲಾಗದವರಿಗೆ ಆ ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿಸಿ. ಪ್ರದರ್ಶನವು ಉದ್ಘಾಟಿತವಾಯಿತೆಂದು ಸಂತೋಷದಿಂದ ಸಾರುತ್ತೇನೆ.